ಮೂರು ಗಾಲಿಯ ಗಾಡಿಯೂ ರಸ್ತೆಯ ತಿರುವೂ



ಈ ಪತ್ರಿಕೆಯಲ್ಲಿ ಬೀಜ, ಗೊಬ್ಬರ, ಕೀಟ, ರೋಗಗಳ ವಿಷಯವಾಗಿ ಬರೆಯುವುದು ನನ್ನ ವಾಡಿಕೆ. ಕೃಷಿ ಡಿಪ್ಲೊಮಾ ಓದಿದವನು ಆಟೋರಿಕ್ಷಾದ ವಿಚಾರ ಬರೆಯಲು ಹೊರಟುದೇಕೆಂದು ತಾವು ಕೇಳಬಹುದು. ಹೊಲದಲ್ಲಿ ಬೆಳೆದುದು ಪೇಟೆ ಸೇರುವತನಕ ಬೇಸಾಯ ಮುಗಿಯುವುದಿಲ್ಲ. ನಮ್ಮ ಮಾಯಕೊಂಡ ಹೋಬಳಿಯಲ್ಲಿ ಮೆಕ್ಕೆಜೋಳದ ಚೀಲ, ಅಡಿಕೆಯ ಮೂಟೆ, ಹಾಲಿನ ಕ್ಯಾನು, ಕುರಿ, ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳು ಇವರೆಲ್ಲರ ಓಡಾಟ ಬಹುಪಾಲು ನಡೆಯುವುದು ಮೂರು ಗಾಲಿಯ ಲಗೇಜ್ ಆಟೋಗಳಲ್ಲಿ. ದಾವಣಗೆರೆಯ ಮಾರುಕಟ್ಟೆಗೆ ಹೋಗಿ ಬರುವಾಗ ಎಷ್ಟು ತಿರುವು, ಎಷ್ಟು ಕೆರೆ ಏರಿ, ಎಷ್ಟು ರೈಲ್ವೆ ಗೇಟು ದಾಟುತ್ತೇವೆಂಬುದು ತಮಗೆ ತಿಳಿದೇ ಇದೆ.

ಇನ್ನೊಂದು ಕಾರಣವೂ ಉಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. ಎರಡು ವರ್ಷದ ಹಿಂದೆ ಅಡಿಕೆ ಸುಲಿಯುವ ಕಾಲದಲ್ಲಿ ನಾನು ಇಂಥದೊಂದು ಗಾಡಿಯಲ್ಲಿ ಬರುತ್ತಿದ್ದೆ. ಚಾಲಕನ ಎಡಗಡೆಗೆ ನಾನು, ಬಲಗಡೆಗೆ ಇನ್ನೊಬ್ಬರು, ಹಿಂದೆ ಗೊಬ್ಬರದ ಚೀಲಗಳು, ಅವುಗಳ ಮೇಲೆ ಹಿಡಿದುಕೊಂಡು ನಿಂತ ಆರು ಮಂದಿ ಕೂಲಿ ಹೆಂಗಸರು. ಕೆರೆ ಏರಿ ಇಳಿದು ಎಡಕ್ಕೆ ಹೊರಳುವಲ್ಲಿ ಎಮ್ಮೆಯೊಂದು ಅಡ್ಡ ಬಂತು. ಚಾಲಕ ಬ್ರೇಕು ಒತ್ತಿದ. ಗಾಡಿ ನಿಲ್ಲಲಿಲ್ಲ, ಜಾರಲೂ ಇಲ್ಲ. ತೂಗುಯ್ಯಾಲೆಯ ಹಾಗೆ ಎದ್ದು ಬಲಮಗ್ಗುಲಿಗೆ ಮಲಗಿತು. ಒಬ್ಬ ತಾಯಿಯ ಮುಂಗೈ ಮೂಳೆ ಮುರಿಯಿತು. ಆ ಹಂಗಾಮಿನ ಎರಡು ತಿಂಗಳ ಸುಲಿಗೆ ಕೂಲಿ ಆಕೆಗೆ ತಪ್ಪಿತು. ವೇಗ ಮೂವತ್ತು ಕಿಲೋಮೀಟರೂ ಇರಲಿಲ್ಲ. "ನಿಧಾನವಾಗಿಯೇ ಬರ್ತಿದ್ದೆನಲ್ಲ ಸಾರ್" ಎಂದು ಆ ಹುಡುಗ ಅತ್ತುಬಿಟ್ಟ. ಅವನು ಹೇಳಿದ್ದು ಸುಳ್ಳಲ್ಲ. ಹಾಗಾದರೆ ಗಾಡಿ ಉರುಳಿದ್ದೇಕೆ? ಚಾಲಕನ ಮಗ್ಗುಲಲ್ಲಿ ಕುಳಿತಿದ್ದ ನನ್ನ ಪಾಲು ಅದರಲ್ಲಿ ಎಷ್ಟು? ಈ ಪಾಠ ಹುಟ್ಟಿದ್ದು ಅಲ್ಲಿಂದ.

ಮೊದಲು ನಮ್ಮ ಅಡಿಗೆಮನೆಯ ಮೂರು ಕಲ್ಲಿನ ಒಲೆಯನ್ನು ನೆನೆಯೋಣ. ಮೂರೇ ಕಲ್ಲು ಏಕೆ? ನೆಲ ಎಷ್ಟೇ ಏರುತಗ್ಗಿದ್ದರೂ ಮೂರು ಕಲ್ಲಿನ ಮೇಲಿಟ್ಟ ಗಡಿಗೆ ಕುಣಿಯುವುದಿಲ್ಲ. ನಾಲ್ಕು ಕಾಲಿನ ಮಂಚಕ್ಕೆ ಸಮನೆಲ ಬೇಕು. ಮೂರು ಕಾಲಿನ ಮಣೆಗೆ ಬೇಡ. ಮೂರು ಗಾಲಿಯ ಗಾಡಿಗೂ ಇದೇ ಗುಣ. ಹಳ್ಳಕೊಳ್ಳದ ದಾರಿಯಲ್ಲಿ ಅದರ ಮೂರು ಗಾಲಿಗಳೂ ನೆಲ ಕಚ್ಚಿಕೊಂಡೇ ಇರುತ್ತವೆ. ಮುಂದೆ ಒಂದೇ ಗಾಲಿಯಿರುವುದರಿಂದ ಕಿರಿದಾದ ಬೀದಿಯಲ್ಲಿಯೂ ಹೊರಳಿಸಬಹುದು. ಮಾಡುವ ಖರ್ಚೂ ಕಡಿಮೆ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟು ಪಡೆದ ಮೋಟಾರು ಗಾಡಿಗೂ ಮೂರೇ ಗಾಲಿ. ಮುಂದಿನ ಎರಡು ಗಾಲಿಗಳನ್ನು ಒಟ್ಟಿಗೆ ತಿರುಗಿಸುವ ತೊಡಕನ್ನು ಆತ ಹೀಗೆ ತಪ್ಪಿಸಿಕೊಂಡ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಟಲಿಯ ಪಿಯಾಜಿಯೋ ಕಂಪನಿಯವರು ಸ್ಕೂಟರಿನ ಹಿಂಭಾಗಕ್ಕೆ ಎರಡು ಗಾಲಿಯ ತೊಟ್ಟಿ ಕಟ್ಟಿ 'ಆಪೆ' ಎಂದು ಹೆಸರಿಟ್ಟರು. ಆ ಭಾಷೆಯಲ್ಲಿ ಆಪೆ ಎಂದರೆ ಜೇನುನೊಣ. ನಮ್ಮ ದೇಶದಲ್ಲಿ ಬಜಾಜ್ ಕಂಪನಿಗೆ ಎರಡು ಮತ್ತು ಮೂರು ಗಾಲಿಯ ವಾಹನ ತಯಾರಿಸಲು ಸರ್ಕಾರದ ಪರವಾನಗಿ ದೊರೆತುದು 1959ರಲ್ಲಿ. ಹೀಗೆ ಇದು ಮೂಲತಃ ಮೋಟಾರು ಸೈಕಲ್ಲಿನ ಕುಲದ್ದು, ಕಾರಿನ ಕುಲದ್ದಲ್ಲ. ಅದರ ಹ್ಯಾಂಡಲು ನೋಡಿದರೇ ತಿಳಿಯುತ್ತದೆ.

ಒಲೆಯ ಮೇಲಿನ ಗಡಿಗೆಗೆ ಮರಳೋಣ. ಕಲ್ಲಿನ ನೇರಕ್ಕೆ ಅದನ್ನು ದೂಡಿದರೆ ಬೀಳುವುದು ಕಷ್ಟ. ಎರಡು ಕಲ್ಲಿನ ನಡುವಣ ಸಂದಿಯ ಕಡೆಗೆ ದೂಡಿದರೆ ಥಟ್ಟನೆ ವಾಲುತ್ತದೆ. ಗಾಡಿಯ ಮೂರು ಗಾಲಿಗಳು ನೆಲ ಮುಟ್ಟುವ ಜಾಗಗಳಿಗೆ ಸುಣ್ಣದ ಗೆರೆ ಎಳೆದರೆ ಒಂದು ತ್ರಿಕೋನವಾಗುತ್ತದೆ. ಗಾಡಿ ಉರುಳುವಾಗ ಸುಮ್ಮನೆ ಪಕ್ಕಕ್ಕೆ ಬೀಳುವುದಿಲ್ಲ. ಮುಂದಿನ ಗಾಲಿಯಿಂದ ಹಿಂದಿನ ಹೊರಗಾಲಿಗೆ ಎಳೆದ ಓರೆಗೆರೆಯ ಮೇಲೆ ಮಗುಚುತ್ತದೆ. ಈ ಗೆರೆಯೇ ಎಲ್ಲದಕ್ಕೂ ಕೀಲು. ನಾಲ್ಕು ಗಾಲಿಯ ಗಾಡಿಗೆ ಆ ಗೆರೆ ಮುಂದಿನಿಂದ ಹಿಂದಿನವರೆಗೆ ಒಂದೇ ದೂರದಲ್ಲಿರುತ್ತದೆ. ನಮ್ಮದಕ್ಕೆ ಹಾಗಿಲ್ಲ. ಹಿಂದಿನ ಇರುಸಿನ ಹತ್ತಿರ ಅದು ನಡುವಿನಿಂದ ದೂರ. ಮುಂದೆ ಬಂದಹಾಗೆಲ್ಲ ನಡುವಿಗೆ ಹತ್ತಿರವಾಗುತ್ತ, ಮುಂದಿನ ಗಾಲಿಯ ಬಳಿ ಸೊನ್ನೆಯಾಗುತ್ತದೆ. ಆದುದರಿಂದ ಭಾರವು ಹಿಂದಿನ ಇರುಸಿಗೆ ಎಷ್ಟು ಹತ್ತಿರವೋ ಗಾಡಿ ಅಷ್ಟು ಗಟ್ಟಿ. ಮುಂದಿನ ಗಾಲಿಗೆ ಎಷ್ಟು ಹತ್ತಿರವೋ ಅಷ್ಟು ಪುಕ್ಕಲು.

ಇದನ್ನು ಮನೆಯ ಮಕ್ಕಳಿಂದಲೂ ಮಾಡಿಸಿ ನೋಡಬಹುದು. ಒಂದು ಮೊಳ ಉದ್ದದ ಹಲಗೆಗೆ ಒಂದು ತುದಿಯಲ್ಲಿ ಒಂದು, ಇನ್ನೊಂದು ತುದಿಯ ಎರಡು ಮೂಲೆಗೆ ಎರಡು, ಹೀಗೆ ಮೆಕ್ಕೆಜೋಳದ ಮೂರು ಬೆಂಡಿನ ತುಂಡುಗಳನ್ನು ಕಾಲಾಗಿ ಮೊಳೆ ಹೊಡೆಯಿರಿ. ಒಂದು ಇಟ್ಟಿಗೆಯನ್ನು ಜೋಡಿಕಾಲಿನ ಕಡೆಗೆ ಇಟ್ಟು ಹಲಗೆಯನ್ನು ಒಂದು ಮಗ್ಗುಲಿಗೆ ಮೆಲ್ಲಗೆ ಎತ್ತಿರಿ; ಎಷ್ಟು ಎತ್ತಿದಾಗ ಮಗುಚಿತೆಂಬುದನ್ನು ಗುರುತು ಮಾಡಿಕೊಳ್ಳಿರಿ. ಅದೇ ಇಟ್ಟಿಗೆಯನ್ನು ಒಂಟಿಕಾಲಿನ ಕಡೆಗೆ ಸರಿಸಿ ಮತ್ತೆ ಎತ್ತಿರಿ. ಆಮೇಲೆ ಇಟ್ಟಿಗೆಯನ್ನು ಮಲಗಿಸುವ ಬದಲು ನೆಟ್ಟಗೆ ನಿಲ್ಲಿಸಿ ನೋಡಿರಿ. ಶಾಲೆಯ ಅಂಗಳದಲ್ಲಿ ಇದನ್ನು ತೋರಿಸಿದಾಗ ಮಕ್ಕಳಿಗಿಂತ ಗೋಡೆಯಾಚೆ ನಿಂತಿದ್ದ ಇಬ್ಬರು ಆಟೋ ಚಾಲಕರೇ ಹೆಚ್ಚು ಹೊತ್ತು ನೋಡಿದರು.

ಗಾಡಿಯನ್ನು ಹೊರಕ್ಕೆ ದೂಡುವುದು ಯಾವುದು? ಕಣದ ಮೇಟಿಗೆ ಹಗ್ಗ ಹಾಕಿ ಎತ್ತು ಸುತ್ತಿಸುವುದನ್ನು ಕಂಡಿದ್ದೀರಿ. ತಿರುವೆಂದರೆ ಕಣ್ಣಿಗೆ ಕಾಣದ ಮೇಟಿಯೊಂದರ ಸುತ್ತ ಗಾಡಿ ಸುತ್ತುವುದು. ಅಲ್ಲಿ ಹಗ್ಗ ಎಳೆದಂತೆ ಇಲ್ಲಿ ಟೈರು ರಸ್ತೆಯನ್ನು ಕಚ್ಚಿ ಗಾಡಿಯನ್ನು ಒಳಕ್ಕೆ ಎಳೆಯುತ್ತದೆ. ಆದರೆ ಎಳೆತವೆಲ್ಲ ನೆಲದ ಮಟ್ಟದಲ್ಲಿ. ಗಾಡಿಯ ಭಾರವೋ ಮೇಲೆ. ಕಾಲನ್ನು ಎಳೆದರೆ ತಲೆ ಹಿಂದುಳಿಯುವಂತೆ ಗಾಡಿಯ ಮೇಲ್ಭಾಗ ನೇರ ಹೋಗಲೆಳಸಿ ಹೊರಕ್ಕೆ ವಾಲುತ್ತದೆ. ಮೇಟಿಯ ಹಗ್ಗ ಅರ್ಧಕ್ಕೆ ಇಳಿದರೆ, ಅಂದರೆ ತಿರುವು ಎರಡು ಪಟ್ಟು ಬಿಗಿಯಾದರೆ, ಈ ಬಲ ಎರಡು ಪಟ್ಟಾಗುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಚಾಲಕ ಮಿತ್ರರು ಇದನ್ನು ನಂಬಲು ಹಿಂಜರಿಯುತ್ತಾರೆ. ಹತ್ತು ಮೀಟರ್ ಹಗ್ಗದ ತಿರುವಿನಲ್ಲಿ 600 ಕಿಲೋ ತೂಕದ ಗಾಡಿ ಗಂಟೆಗೆ 15 ಕಿಲೋಮೀಟರಿನಲ್ಲಿ ಹೋದರೆ ಹೊರಗಿನ ತಳ್ಳಾಟ ಸುಮಾರು 105 ಕಿಲೋ ಭಾರದಷ್ಟು. 30ರಲ್ಲಿ ಹೋದರೆ ಸುಮಾರು 425 ಕಿಲೋ. ಒಂದು ಚೀಲ ಒರಗಿ ನಿಂತುದಕ್ಕೂ ನಾಲ್ಕು ಚೀಲ ಒರಗಿ ನಿಂತುದಕ್ಕೂ ಇರುವಷ್ಟು ವ್ಯತ್ಯಾಸ.

ಈಗ ಲೆಕ್ಕಕ್ಕೆ ಬರೋಣ. ಅಳತೆಗಳನ್ನು ಅನುಕೂಲಕ್ಕಾಗಿ ದುಂಡಾಗಿಸಿದ್ದೇನೆ. ಮುಂದಿನ ಗಾಲಿಗೂ ಹಿಂದಿನ ಇರುಸಿಗೂ 200 ಸೆಂಟಿಮೀಟರ್, ಹಿಂದಿನ ಎರಡು ಗಾಲಿಗಳ ನಡುವೆ 120 ಸೆಂಟಿಮೀಟರ್ ಎಂದಿಟ್ಟುಕೊಳ್ಳಿರಿ. ಬರಿಗಾಡಿಯಲ್ಲಿ ಚಾಲಕನೊಬ್ಬನೇ ಇದ್ದಾಗ ಒಟ್ಟು ಭಾರದ ನಡುಬಿಂದು ಇರುಸಿನಿಂದ 80 ಸೆಂಟಿಮೀಟರ್ ಮುಂದೆ, ನೆಲದಿಂದ 50 ಸೆಂಟಿಮೀಟರ್ ಮೇಲೆ ಇರಲಿ. ಇರುಸಿನ ಬಳಿ ಓರೆಗೆರೆ ನಡುವಿನಿಂದ 60 ಸೆಂಟಿಮೀಟರ್ ದೂರ. 80 ಸೆಂಟಿಮೀಟರ್ ಮುಂದೆ ಬರುವಷ್ಟರಲ್ಲಿ ಅದು 36ಕ್ಕೆ ಇಳಿದಿರುತ್ತದೆ. 36ನ್ನು ಎತ್ತರವಾದ 50ರಿಂದ ಭಾಗಿಸಿದರೆ 0.72. ಅಂದರೆ ಗಾಡಿಯ ತೂಕದ ನೂರಕ್ಕೆ 72ರಷ್ಟು ಬಲ ಪಕ್ಕಕ್ಕೆ ದೂಡಿದಾಗ ಒಳಗಾಲಿ ಏಳುತ್ತದೆ. ಹತ್ತು ಮೀಟರ್ ತಿರುವಿನಲ್ಲಿ ಇದು ಗಂಟೆಗೆ 30 ಕಿಲೋಮೀಟರ್.

ಇದೇ ಗಾಡಿಗೆ ಚೀಲಗಳನ್ನು ತಗ್ಗಾಗಿ ಇರುಸಿನ ಮೇಲೆ ಹೇರಿದರೆ ನಡುಬಿಂದು 75 ಸೆಂಟಿಮೀಟರಿಗೆ ಏರಿದರೂ ಹಿಂದಕ್ಕೆ, ಇರುಸಿನಿಂದ 50 ಸೆಂಟಿಮೀಟರಿಗೆ ಸರಿಯುತ್ತದೆ. ಓರೆಗೆರೆಯ ದೂರ ಅಲ್ಲಿ 45. ಮಿತಿ 0.60, ವೇಗ ಸುಮಾರು 28. ಹೊರೆ ಬಿದ್ದರೂ ಹೆಚ್ಚು ಕೆಡಲಿಲ್ಲ. ಆದರೆ ಚೀಲಗಳ ಮೇಲೆ ಜನ ನಿಂತು ನಡುಬಿಂದು 100 ಸೆಂಟಿಮೀಟರಿಗೆ ಏರಿತೆನ್ನಿ, ಮಿತಿ 0.45ಕ್ಕೆ, ವೇಗ 24ಕ್ಕೆ ಕುಸಿಯಿತು. ಇನ್ನು ಚಾಲಕನ ಎಡಬಲಕ್ಕೆ ಇಬ್ಬರು ಕುಳಿತು ನಡುಬಿಂದುವನ್ನು ಮತ್ತೆ 80ಕ್ಕೆ ಮುಂದೂಡಿದರೆ ಮಿತಿ 0.36, ವೇಗ 21. ಆಗ ಜೋರಾಗಿ ಬ್ರೇಕು ಬಿದ್ದರೆ? ಬ್ರೇಕಿನ ಬಲ ಭಾರವನ್ನು ಮುಂದಕ್ಕೆ, ಒಂಟಿಗಾಲಿಯ ಕಡೆಗೆ ದೂಡುತ್ತದೆ. ಮುಂದಕ್ಕೂ ಹೊರಕ್ಕೂ ಸೇರಿದ ತಳ್ಳಾಟ ಸರಿಯಾಗಿ ಆ ಓರೆಗೆರೆಗೆ ಅಡ್ಡವಾಗಿ ಬೀಳುತ್ತದೆ. ತೂಕದ ನೂರಕ್ಕೆ 40ರಷ್ಟು ಬ್ರೇಕು ಹಿಡಿದಿತೆಂದು ಲೆಕ್ಕ ಮಾಡಿದಾಗ ನನಗೆ ಬಂದ ಉತ್ತರ 17 ಮತ್ತು 18ರ ನಡುವೆ. ಸ್ಪ್ರಿಂಗು ಕುಸಿಯುವುದು, ಟೈರು ಬಾಗುವುದು, ರಸ್ತೆಯ ಗುಂಡಿ ಇವನ್ನು ನಾನು ಲೆಕ್ಕಕ್ಕೆ ಸೇರಿಸಿಲ್ಲ. ಸೇರಿಸಿದರೆ ಇನ್ನೂ ಕಡಿಮೆಯೇ. ಆ ದಿನ ನಾವು ಹೋಗುತ್ತಿದ್ದುದು ಇಪ್ಪತ್ತರ ಮೇಲೆ. ಹುಡುಗ ನಿಧಾನವಾಗಿಯೇ ಬರುತ್ತಿದ್ದ. ಮುಂದಿನ ಸೀಟಿನಲ್ಲಿ ಕುಳಿತ ನಾವಿಬ್ಬರು ಆ ನಿಧಾನವನ್ನು ವೇಗ ಮಾಡಿಟ್ಟಿದ್ದೆವು.

ಈ ಲೆಕ್ಕವನ್ನು ಒಬ್ಬ ಹಿರಿಯ ಗಾಡಿಕಾರರ ಮುಂದೆ ಬಿಡಿಸಿ ಹೇಳಿದಾಗ ಅವರು ನಕ್ಕರು. "ಅಲ್ರೀ ಸಾರ್, ಇದಕ್ಕೆ ಅಷ್ಟೆಲ್ಲ ಲೆಕ್ಕ ಬೇಕೇನ್ರಿ? ಎತ್ತಿನ ಗಾಡಿ ಹೇರುವಾಗ ಮೂಕಿ ಎಷ್ಟು ಭಾರ ಐತಿ ಅಂತ ಕೈಯಾಗೆ ಎತ್ತಿ ನೋಡ್ತಿದ್ವಿ. ಮುಂದೆ ಹೆಚ್ಚಾದ್ರೆ ಎತ್ತಿನ ಕುತ್ತಿಗೆ ಹೋಗ್ತೈತಿ, ಹಿಂದೆ ಹೆಚ್ಚಾದ್ರೆ ಮೂಕಿ ಎದ್ದು ಎತ್ತಿಗೆ ಉರುಲು ಬೀಳ್ತೈತಿ" ಎಂದರು. ಅವರ ಎರಡನೆಯ ಮಾತು ನಮಗೂ ಬೇಕಾದುದೇ. ಭಾರ ಹಿಂದಿರಬೇಕೆಂದು ತೊಟ್ಟಿಯ ಬಾಲಕ್ಕೆ ಹೇರಿದರೆ ಮುಂದಿನ ಗಾಲಿ ಹಗುರವಾಗುತ್ತದೆ. ಹ್ಯಾಂಡಲು ತಿರುಗುತ್ತದೆ, ಗಾಡಿ ತಿರುಗುವುದಿಲ್ಲ. ತಿರುವಿನಲ್ಲಿ ನೇರ ಗದ್ದೆಗೆ ಇಳಿಯುತ್ತದೆ. ಏರಿ ಹತ್ತುವಾಗಲಂತೂ ಮೂಗು ಮೇಲಕ್ಕೇ ಎದ್ದೀತು. ಹೊರೆಯ ನಡುವು ಇರುಸಿನಿಂದ ಒಂದು ಗೇಣು ಮುಂದಿರುವಂತೆ ಹೇರುವುದು ಹದ. ಭಾರದ ಚೀಲ ಅಡಿಗೆ, ಹಗುರದ್ದು ಮೇಲೆ. ಹಗ್ಗ ಅಡ್ಡಕ್ಕೂ ಉದ್ದಕ್ಕೂ.

ಜರುಗುವ ಹೊರೆ ಬೇರೆಯೇ ಒಂದು ಕಥೆ. ಔಷಧಿ ಸಿಂಪಡಿಸಲು ಒಯ್ಯುವ ನೀರಿನ ಡ್ರಮ್ಮು ಅರ್ಧ ಖಾಲಿಯಾದಾಗ ಹಗುರವಾಯಿತೆಂದು ಜೋರು ಮಾಡುತ್ತೇವೆ. ಆದರೆ ತುಂಬಿದ ಡ್ರಮ್ಮಿನ ನೀರು ಅಲುಗದು, ಅರ್ಧ ಡ್ರಮ್ಮಿನ ನೀರು ತಿರುವಿನಲ್ಲಿ ಹೊರಗೋಡೆಗೆ ಹೋಗಿ ಅಪ್ಪಳಿಸುತ್ತದೆ. ಹಾಲಿನ ಕ್ಯಾನುಗಳಿಗೂ ಇದೇ ಮಾತು. ಅರ್ಧರ್ಧ ತುಂಬಿದ ನಾಲ್ಕಕ್ಕಿಂತ ಪೂರ್ತಿ ತುಂಬಿದ ಎರಡು ಮೇಲು. ಕುರಿಗಳೋ, ಒಂದು ಹೆದರಿ ಮಗ್ಗುಲಿಗೆ ಸರಿದರೆ ಉಳಿದವೆಲ್ಲ ಅದರ ಬೆನ್ನಿಗೇ ಸರಿಯುತ್ತವೆ. ಅದು ಕುರಿಯ ಧರ್ಮ, ಬೈದು ಫಲವಿಲ್ಲ. ತೊಟ್ಟಿಯ ನಡುವೆ ಉದ್ದಕ್ಕೆ ಒಂದು ಬಿದಿರು ತಡಿಕೆ ಕಟ್ಟಿದರೆ ಅರ್ಧ ಹಿಂಡು ಆ ಕಡೆ, ಅರ್ಧ ಈ ಕಡೆ ನಿಲ್ಲುತ್ತದೆ.

ಚಾಲಕ ಮಿತ್ರರಿಗೆ ಹೇಳಬೇಕಾದುದು ಹೆಚ್ಚಿಲ್ಲ. ಬ್ರೇಕಿನ ಕೆಲಸವನ್ನೆಲ್ಲ ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗಲೇ ಮುಗಿಸಿರಿ. ತಿರುವಿನೊಳಗೆ ಬ್ರೇಕು ಬಿಟ್ಟು ಒಂದೇ ಹದದಲ್ಲಿ ಸಾಗಿರಿ. ಗಾಡಿ ಮತ್ತೆ ನೆಟ್ಟಗಾದ ಮೇಲೆ ಆಕ್ಸಿಲೇಟರು. ಹತ್ತು ಮೀಟರಿನಂಥ ಬಿಗಿ ತಿರುವಿನಲ್ಲಿ ಹೊರೆಯಿದ್ದಾಗ 15 ಸಾಕು. ನಾವು ರಸ್ತೆಯ ಎಡಕ್ಕೆ ನಡೆಯುವವರಾದುದರಿಂದ ಎಡತಿರುವು ಯಾವಾಗಲೂ ಬಲತಿರುವಿಗಿಂತ ಬಿಗಿ. ಅಲ್ಲಿ ಉರುಳಿದರೆ ಬೀಳುವುದು ಬಲಕ್ಕೆ, ಎದುರು ಲಾರಿ ಬರುವ ಕಡೆಗೆ. ತಿರುವಿನ ನಡುವೆ ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಏರಿ ಎಳೆತ ತಪ್ಪಿತೆಂದರೆ ಒಳಗಾಲಿ ನೆಲ ಬಿಟ್ಟು ಬರಿದೆ ತಿರುಗುತ್ತಿದೆಯೆಂದು ತಿಳಿಯಿರಿ. ಆಗ ಬ್ರೇಕು ಒತ್ತಬೇಡಿರಿ. ಆಕ್ಸಿಲೇಟರನ್ನು ಮೆಲ್ಲಗೆ ಇಳಿಸಿ, ಜಾಗವಿದ್ದರೆ ಹ್ಯಾಂಡಲನ್ನು ತುಸು ಸಡಿಲಿಸಿ ತಿರುವನ್ನು ಅಗಲ ಮಾಡಿರಿ, ಗಾಲಿ ಇಳಿಯುತ್ತದೆ. ಹ್ಯಾಂಡಲನ್ನು ಥಟ್ಟನೆ ಆಚೆಗೆ ಎಳೆದರೆ ಒಂದು ಕಡೆಗೆ ವಾಲಿದ್ದ ಗಾಡಿ ಸ್ಪ್ರಿಂಗಿನ ಸೆಳೆತವನ್ನೂ ಸೇರಿಸಿಕೊಂಡು ಇನ್ನೊಂದು ಕಡೆಗೆ ಬೀಳುತ್ತದೆ.

ರೈತಬಾಂಧವರಿಗೂ ಒಂದು ಬಿನ್ನಹ. ಸುಗ್ಗಿಯಲ್ಲಿ ಮೆಕ್ಕೆಜೋಳವನ್ನು ಟಾರು ರಸ್ತೆಯ ಮೇಲೆ ಹರವುತ್ತೇವೆ. ಕಣದ ಜಾಗ ಎಲ್ಲರಿಗೂ ಇಲ್ಲವೆಂಬುದನ್ನು ಬಲ್ಲೆ. ಆದರೆ ಮೂರು ಗಾಲಿಯ ಗಾಡಿಗೆ ದಾರಿ ತೋರುವುದು ಮುಂದಿನ ಒಂದೇ ಗಾಲಿ; ಅದರಡಿಗೆ ದುಂಡು ಕಾಳು ಸಿಕ್ಕರೆ ಗೋಲಿಯ ಮೇಲೆ ಕಾಲಿಟ್ಟಂತೆ. ಕಾರಿಗಾದರೆ ಇನ್ನೊಂದು ಮುಂಗಾಲಿ ಕೈ ಹಿಡಿದೀತು, ಇದಕ್ಕೆ ಯಾರೂ ಇಲ್ಲ. ಹೀಗೆ ಪಕ್ಕಕ್ಕೆ ಜಾರಿದ ಗಾಡಿ ಟಾರಿನ ಅಂಚಿನ ಕಲ್ಲಿಗೆ ತಾಗಿದರೆ ಅಲ್ಲಿಯೇ ಮಗುಚುತ್ತದೆ. ಹರವಲೇಬೇಕಾದರೆ ನೇರ ರಸ್ತೆಯಲ್ಲಿ ಒಂದು ಮಗ್ಗುಲಿಗೆ ಹರವಿ, ತಿರುವನ್ನೂ ಗೇಟಿನ ಇಳಿಜಾರನ್ನೂ ಬಿಟ್ಟುಬಿಡಬೇಕು. ನಾನು ಹೀಗೆ ಕೇಳಿಕೊಂಡಾಗ ಒಬ್ಬರು ಸಿಟ್ಟಾದರು. ಮರುದಿನ ತಾವೇ ಮೂವತ್ತು ಹೆಜ್ಜೆ ಬಿಟ್ಟು ಹರವಿದ್ದರು.

ಕೂಲಿಗೆ ಹೋಗುವ ತಾಯಂದಿರಿಗೆ ಕಾನೂನಿನ ಒಂದು ಮಾತು. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿ ಹೋದವರಿಗೆ ಅಪಘಾತವಾದರೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗಿಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತಿದೆ. ಮಾಲಿನ ಜೊತೆಗೆ ಹೋಗುವ ಮಾಲಿನ ಯಜಮಾನನ ವಿಚಾರ ಬೇರೆ. ಮುಂಗೈ ಮುರಿದ ಆ ತಾಯಿಗೆ ಆಸ್ಪತ್ರೆಯ ಖರ್ಚನ್ನು ನಾವು ಗಾಡಿಯಲ್ಲಿದ್ದವರೇ ಹಂಚಿಕೊಂಡೆವು. ತಪ್ಪಿದ ಕೂಲಿಯನ್ನು ಯಾರೂ ಕೊಡಲಿಲ್ಲ. ಚಾಲಕನ ಹಿಡಿತಕ್ಕೆ ಅಡ್ಡಿಯಾಗುವಂತೆ ಅವನ ಮಗ್ಗುಲಲ್ಲಿ ಯಾರನ್ನೂ ಕೂರಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 125ನೆಯ ಕಲಮು ಹೇಳುತ್ತದೆ. ಓರೆಗೆರೆಯ ಲೆಕ್ಕವೂ ಅದನ್ನೇ ಹೇಳುವುದರಿಂದ ಈ ಕಲಮಿನ ಮೇಲೆ ನನಗೆ ವಿಶೇಷ ಗೌರವ ಹುಟ್ಟಿದೆ.

ಹೊರನಾಡುಗಳಲ್ಲಿಯೂ ಜನ ಈ ಪಾಠವನ್ನು ಪೆಟ್ಟು ತಿಂದೇ ಕಲಿತರು. ಅಮೆರಿಕದಲ್ಲಿ ದಪ್ಪ ಟೈರಿನ, ಮುಂದೊಂದು ಹಿಂದೆರಡು ಗಾಲಿಯ ಮೋಟಾರು ಸೈಕಲ್ಲುಗಳು 1970ರಿಂದ ಬಲು ಪ್ರಸಿದ್ಧಿಗೆ ಬಂದು ಹೊಲಮನೆಗಳಲ್ಲಿಯೂ ಬಳಕೆಯಾದುವು. ಅಪಘಾತಗಳು, ಅದರಲ್ಲಿಯೂ ಮಕ್ಕಳ ಸಾವುಗಳು ಹೆಚ್ಚಿದುದರಿಂದ 1988ರಲ್ಲಿ ಸರ್ಕಾರಕ್ಕೂ ತಯಾರಕರಿಗೂ ಒಪ್ಪಂದವಾಗಿ ಅವುಗಳ ಮಾರಾಟ ನಿಂತಿತು; ಅವುಗಳ ಜಾಗಕ್ಕೆ ನಾಲ್ಕು ಗಾಲಿಯವು ಬಂದುವು. ಈಚೆಗೆ ಎರಡು ಗಾಲಿ ಮುಂದೆ, ಒಂದು ಹಿಂದೆ ಇರುವ ಮೋಟಾರು ಸೈಕಲ್ಲುಗಳು ಬಂದಿವೆ. ಅವುಗಳಲ್ಲಿ ಬ್ರೇಕು ಒತ್ತಿದಾಗ ಭಾರ ಅಗಲದ ಕಡೆಗೇ ಹೋಗುವುದರಿಂದ ನಮ್ಮ ಗಾಡಿಯ ಆ ದೋಷವಿಲ್ಲ. ಬ್ಯಾಟರಿಯ ಆಟೋಗಳಲ್ಲಿ ಬ್ಯಾಟರಿಯನ್ನು ನೆಲದಡಿಗೆ ಕೂರಿಸಿದ್ದರೆ ನಡುಬಿಂದು ತಗ್ಗುತ್ತದೆ. ಕೊಳ್ಳುವಾಗ ಬ್ಯಾಟರಿ ಎಲ್ಲಿದೆಯೆಂದು ಬಗ್ಗಿ ನೋಡಿರಿ.

ಕಡೆಯದಾಗಿ ಅಂಗವಿಕಲ ಬಂಧುಗಳಿಗೆ ಸರ್ಕಾರದಿಂದ ದೊರೆಯುವ ಸ್ಕೂಟರಿನ ವಿಚಾರ. ಕಾಗದಪತ್ರದಲ್ಲಿ ಅದರ ಹೆಸರು ಯಂತ್ರಚಾಲಿತ ದ್ವಿಚಕ್ರ ವಾಹನ. ಎಣಿಸಿದರೆ ನಾಲ್ಕು ಗಾಲಿ. ತಿರುವಿನಲ್ಲಿ ನಡೆದುಕೊಳ್ಳುವುದು ಮೂರು ಗಾಲಿಯ ಹಾಗೆ. ನಮ್ಮ ಕಡೆಯ ಒಬ್ಬ ಹೆಣ್ಣುಮಗಳಿಗೆ ಇಂಥ ಸ್ಕೂಟರು ಬಂತು. ಹೊಲಿಗೆಯ ಕೆಲಸ ಬಲ್ಲವಳು, ದಾವಣಗೆರೆಗೆ ಹೋಗಿ ಬಟ್ಟೆ ತಂದು ಹೊಲಿದು ಕೊಡಬೇಕೆಂದು ಅವಳ ಆಸೆ. ಕಲಿಸಲು ಬಂದ ಅಣ್ಣ ಬೈಕು ಓಡಿಸುವವನು. "ತಿರುಗುವ ಕಡೆಗೆ ಗಾಡೀನ ವಾಲಿಸು" ಎಂದು ಹೇಳಿಕೊಟ್ಟ. ಬೈಕು ಒಳಕ್ಕೆ ವಾಲಿ ತಿರುಗುತ್ತದೆ, ನಿಜ. ಪಕ್ಕಗಾಲಿ ಕಟ್ಟಿದ ಸ್ಕೂಟರು ವಾಲಲಾರದು. ಅದರ ಹ್ಯಾಂಡಲನ್ನು ಎತ್ತಿನ ಮೂಗುದಾಣ ಎಳೆದಂತೆ ಬೇಕಾದ ಕಡೆಗೆ ನೇರವಾಗಿ ತಿರುಗಿಸಬೇಕು, ವಾಲಬೇಕಾದುದು ಓಡಿಸುವವರ ಮೈ ಮಾತ್ರ. ವಾಲಿಸಲು ಹೋಗಿ ಅವಳು ಎರಡು ಸಲ ಬೇಲಿಗೆ ನುಗ್ಗಿದಳು. ಗಾಡಿಯನ್ನು ಮನೆಯ ಹಿಂದೆ ನಿಲ್ಲಿಸಿ ಒಂದು ತಿಂಗಳು ಮುಟ್ಟಲಿಲ್ಲ.

ಆಮೇಲೆ ಊರ ಹೊರಗಿನ ಬಯಲಿನಲ್ಲಿ ಒಂದು ಗೂಟ ಹೊಡೆದು, ಹತ್ತು ಮೀಟರ್ ಹಗ್ಗ ಹಿಡಿದು ಸುಣ್ಣದಲ್ಲಿ ಒಂದು ಸುತ್ತು ಬರೆದೆವು. ಮೊದಲ ದಿನ ನಡಿಗೆಯ ವೇಗ. ಬಲಕ್ಕೆ ಸುತ್ತುವಾಗ ಬಲತೊಡೆಯ ಮೇಲೆ ಭಾರ ಹಾಕಿ ಎದೆಯನ್ನು ಒಳಕ್ಕೆ ತರುವುದು. ಎಡಕ್ಕೆ ಸುತ್ತುವಾಗ ಎಡಕ್ಕೆ. ಕಾಲು ಹೊರಗೆ ಚಾಚಬಾರದು. ಚಾಚಿದರೆ ಹಿಂಬದಿಯ ಪಕ್ಕಗಾಲಿ ಅದರ ಮೇಲೆಯೇ ಹತ್ತುತ್ತದೆ. ಬೈಕಿನವರಿಗೆ ಈ ಅಭ್ಯಾಸ ಬಿಡುವುದು ಕಷ್ಟ, ಅವಳಿಗೆ ಆ ಅಭ್ಯಾಸವೇ ಇರಲಿಲ್ಲವಾದುದರಿಂದ ಅಣ್ಣನಿಗಿಂತ ಬೇಗ ಕಲಿತಳು. ಐದನೆಯ ದಿನ ಒಳಗಾಲಿ ತುಸು ಏಳುವ ವೇಗ ಯಾವುದೆಂದು ತಾನೇ ಕಂಡುಕೊಂಡು, ಮುಳ್ಳು ಅಲ್ಲಿಗೆ ಬರುವ ಮುಂಚೆಯೇ ಕೈ ಸಡಿಲಿಸತೊಡಗಿದಳು. ಬಟ್ಟೆಯ ಗಂಟನ್ನು ಮುಂದೆ ಕಾಲ ಬಳಿ ಇಡುವುದೋ ಹಿಂದಿನ ಸೀಟಿಗೆ ಕಟ್ಟುವುದೋ ಎಂದು ಕೇಳಿದಳು. ಹಿಂದಿನ ಸೀಟಿಗೆ, ಪಕ್ಕಗಾಲಿಗಳ ನಡುವೆ, ಆದಷ್ಟು ತಗ್ಗಾಗಿ ಎಂದು ಹೇಳಿದೆ. ಸುಣ್ಣದ ಸುತ್ತು ಮಳೆಗೆ ಮಾಸಿದೆ. ಗೂಟ ಅಲ್ಲಿಯೇ ಇದೆ, ಹಗ್ಗ ನನ್ನ ಬಳಿ ಇದೆ. ಬೇಕಾದವರು ಬಂದು ಕೇಳಬಹುದು.